ಕಾರ್ಡಿಗೆ ಕಾರ್ಡು: ಅಂಚೆಯಲ್ಲೊಂದು ಮುಯ್ಯಿ

ಕನ್ನಡದಲ್ಲಿ ‘ಅಚ್ಚು’ ಎಂಬ ಎರಡಕ್ಷರದ ಪದ ಹೊತ್ತಿರುವ ಭಾರ ಸಣ್ಣದಲ್ಲ. ಸಂಕ್ರಾಂತಿಯ ಸಕ್ಕರೆ ಪಾಕ ಮರದ ಅಚ್ಚಿನೊಳಗೆ ಗಿಳಿಯಾಗುತ್ತದೆ, ಆನೆಯಾಗುತ್ತದೆ. ಬೆಲ್ಲ ಅಚ್ಚಿನಲ್ಲಿ ಕುಳಿತು ಗಟ್ಟಿಯಾಗುತ್ತದೆ. ಪುಸ್ತಕ ಅಚ್ಚಾಗಿ ಬರುತ್ತದೆ. ಮರೆಯಲಾಗದ ಮಾತು ಮನಸ್ಸಿನಲ್ಲಿ ಅಚ್ಚೊತ್ತುತ್ತದೆ. ಒಂದು ಆಕಾರವನ್ನು ಒತ್ತಿ ಇನ್ನೊಂದೆಡೆಗೆ ದಾಟಿಸುವ ಎಲ್ಲ ಕೆಲಸಕ್ಕೂ ಈ ಒಂದೇ ಮಾತು ಸಾಕು. ಕಚೇರಿಯ ಗುಮಾಸ್ತರು ಮಾತ್ರ ತಮ್ಮ ಮೇಜಿನ ಅಚ್ಚನ್ನು ‘ಠಸ್ಸೆ’ ಎಂದು ಕರೆದು ಪ್ರತ್ಯೇಕವಾಗಿಟ್ಟರು. ಆ ಠಸ್ಸೆಯನ್ನೇ ಕಚೇರಿಯಿಂದ ಬಿಡಿಸಿ ತಂದು ಶುಭಾಶಯ ಪತ್ರ ಮಾಡಲು ಹಚ್ಚಿದ ಒಂದು ಹವ್ಯಾಸದ ಬಗ್ಗೆ, ಅದರೊಳಗೆ ಎದ್ದ ಒಂದು ನ್ಯಾಯದ ಪ್ರಶ್ನೆಯ ಬಗ್ಗೆ ಇಲ್ಲಿ ಬರೆಯಬೇಕೆನಿಸಿದೆ.

ಹವ್ಯಾಸ ಸರಳವಾದದ್ದು. ದಪ್ಪ ಕಾಗದವನ್ನು ಮಡಿಚಿ, ಅದರ ಮೇಲೆ ರಬ್ಬರಿನ ಅಥವಾ ಮರದ ಮೊಹರನ್ನು ಬಣ್ಣದಲ್ಲದ್ದಿ ಒತ್ತಿ, ಹೂವೋ ಹಕ್ಕಿಯೋ ಹಾರೈಕೆಯ ಸಾಲೋ ಮೂಡಿಸಿ ಕಾರ್ಡು ಮಾಡುವುದು. ಅಷ್ಟಕ್ಕೇ ನಿಲ್ಲದೆ, ಹಾಗೆ ಮಾಡಿದ ಕಾರ್ಡುಗಳನ್ನು ಅದೇ ಕೆಲಸದಲ್ಲಿ ತೊಡಗಿರುವ ಇತರರೊಡನೆ ಬದಲಾಯಿಸಿಕೊಳ್ಳುವುದು. ಕೊಳ್ಳುವುದಿಲ್ಲ, ಮಾರುವುದಿಲ್ಲ, ಕೊಟ್ಟು ಪಡೆಯುವುದಷ್ಟೇ.

ಈ ರೂಢಿ ಬೇರುಬಿಟ್ಟದ್ದು ಅಮೆರಿಕದಲ್ಲಿ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನ ಕಂಡುಕೊಂಡ ಮೇಲೆ ರಬ್ಬರ್ ಠಸ್ಸೆ ಸಾಧ್ಯವಾಯಿತು. ನೂರಕ್ಕೂ ಹೆಚ್ಚು ವರ್ಷ ಅದು ಕಚೇರಿ, ಬ್ಯಾಂಕು, ಅಂಚೆಮನೆಗಳ ಸೊತ್ತಾಗಿತ್ತು. 1950 ಮತ್ತು 60ರ ದಶಕಗಳಲ್ಲಿ ನ್ಯೂಯಾರ್ಕಿನ ಕಲಾವಿದ ರೇ ಜಾನ್ಸನ್ ಮತ್ತು ಆತನ ಗೆಳೆಯರು ಚಿತ್ರಗಳನ್ನು ಗ್ಯಾಲರಿಗೆ ಒಯ್ಯುವ ಬದಲು ಲಕೋಟೆಯಲ್ಲಿಟ್ಟು ಪರಸ್ಪರ ಕಳುಹಿಸತೊಡಗಿದರು. ‘ಅಂಚೆ ಕಲೆ’ ಎಂದು ಹೆಸರಾದ ಆ ಬಳಗದ ಮೆಚ್ಚಿನ ಸಲಕರಣೆಗಳಲ್ಲಿ ರಬ್ಬರ್ ಠಸ್ಸೆಯೂ ಸೇರಿತು. 1980ರ ದಶಕದ ಹೊತ್ತಿಗೆ ಅದು ಗೃಹಿಣಿಯರ ಊಟದ ಮೇಜಿಗೆ ಬಂದಿತ್ತು. 1988ರಲ್ಲಿ ಆರಂಭವಾಗಿ ಯೂಟಾ ರಾಜ್ಯದಲ್ಲಿ ನೆಲೆನಿಂತ ‘ಸ್ಟ್ಯಾಂಪಿನ್ ಅಪ್’ ಎಂಬ ಕಂಪನಿ ನೆರೆಹೊರೆಯವರನ್ನು ಮನೆಗೆ ಕರೆದು ಮೊಹರು ಮಾರುವ ಪದ್ಧತಿಯನ್ನೇ ದೊಡ್ಡ ವ್ಯಾಪಾರವಾಗಿಸಿತು. ಅದರ ವಾರ್ಷಿಕ ಸಮಾವೇಶಗಳಿಗೆ ಹೋಗುವವರು ತಾವು ಮಾಡಿದ ಹತ್ತಾರು, ಕೆಲವೊಮ್ಮೆ ನೂರಾರು ಕಾರ್ಡುಗಳನ್ನು ಚೀಲದಲ್ಲಿ ಹೊತ್ತು, ಸಾಲಿನಲ್ಲಿ ನಿಂತಲ್ಲೇ ಅಪರಿಚಿತರೊಡನೆ ವಿನಿಮಯ ಮಾಡಿಕೊಳ್ಳುವುದುಂಟು.

ಅಂಚೆಯ ಮೂಲಕ ನಡೆಯುವ ವಿನಿಮಯಕ್ಕೆ ಇನ್ನೂ ಅಚ್ಚುಕಟ್ಟಾದ ಕ್ರಮವಿದೆ. ಹನ್ನೆರಡು ಜನ ಸೇರಿದರೆನ್ನಿ. ಪ್ರತಿಯೊಬ್ಬರೂ ಒಂದೇ ಮಾದರಿಯ ಹನ್ನೊಂದು ಕಾರ್ಡು ಮಾಡಿ, ತಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯೊಂದಿಗೆ ಸೂತ್ರಧಾರಿಣಿಗೆ ಕಳುಹಿಸಬೇಕು. ಆಕೆ ಎಲ್ಲವನ್ನೂ ವಿಂಗಡಿಸಿ, ಪ್ರತಿಯೊಬ್ಬರಿಗೂ ಉಳಿದವರ ಕಾರ್ಡುಗಳಲ್ಲಿ ಒಂದೊಂದನ್ನು ತುಂಬಿ ಹಿಂದಿರುಗಿಸುತ್ತಾಳೆ. ಒಂದೇ ಬಗೆಯ ಹನ್ನೊಂದು ಹೋಗಿ ಹನ್ನೊಂದು ಬಗೆಯವು ಬರುತ್ತವೆ. ಕೊನೆಯ ದಿನಾಂಕ ಮೀರುವಂತಿಲ್ಲ. ಹಿಂಬದಿಯಲ್ಲಿ ಮಾಡಿದವರ ಹೆಸರಿರಬೇಕು. ಅಮೆರಿಕದಲ್ಲಿರುವ ನನ್ನ ತಂಗಿ ತನ್ನ ಬಡಾವಣೆಯ ಇಂಥದೊಂದು ಬಳಗಕ್ಕೆ ಸೇರಿಕೊಂಡು, ರಜೆಗೆ ಬಂದಾಗ ಆ ಕಾರ್ಡುಗಳ ಕಟ್ಟನ್ನು ನನ್ನ ಮುಂದೆ ಹರಡಿದಳು. ಬೆಂಗಳೂರಿನಲ್ಲಿ ನಾವು ಕೆಲವರು ಸೇರಿ ನಮ್ಮದೇ ಬಳಗ ಕಟ್ಟಿಕೊಂಡದ್ದು ಅದರ ನಂತರ. ಈಗ ಹದಿನಾಲ್ಕು ಜನರಿದ್ದೇವೆ: ಗೃಹಿಣಿಯರು, ಇಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳು, ಒಬ್ಬ ದಂತವೈದ್ಯೆ, ಬ್ಯಾಂಕಿನಿಂದ ನಿವೃತ್ತರಾದ ಮಂಡ್ಯ ಕಡೆಯ ಒಬ್ಬ ಹಿರಿಯರು, ನಿವೃತ್ತ ಕನ್ನಡ ಶಿಕ್ಷಕಿಯೊಬ್ಬರು. ಎರಡು ತಿಂಗಳಿಗೊಂದು ಸುತ್ತು. ತಲಾ ಹದಿಮೂರು ಕಾರ್ಡು, ಒಟ್ಟು 182.

ಹಳೆಯ ಕಾಲವೇ ಚೆಂದವಿತ್ತೆ?

ಇಂಥ ವಿಷಯ ಬರೆಯಲು ಕುಳಿತವರು ವಾಟ್ಸ್‌ಆ್ಯಪ್ ಸಂದೇಶಗಳನ್ನು ಹಳಿಯುವುದು ವಾಡಿಕೆ. ಹಬ್ಬದ ಬೆಳಿಗ್ಗೆ ಒಂದೇ ರಂಗೋಲಿಯ ಚಿತ್ರ ಏಳೆಂಟು ಕಡೆಯಿಂದ ಬಂದು ಬೀಳುವುದು ನಿಜ. ಆದರೆ ಸಿದ್ಧ ಹಾರೈಕೆ ಮೊಬೈಲಿನೊಂದಿಗೆ ಹುಟ್ಟಿದ ದೋಷವಲ್ಲ. ಮೊದಲ ವಾಣಿಜ್ಯ ಕ್ರಿಸ್‌ಮಸ್ ಕಾರ್ಡಿನ ಕತೆಯನ್ನೇ ನೋಡಿ. ಲಂಡನ್ನಿನ ಸರ್ಕಾರಿ ಅಧಿಕಾರಿ ಹೆನ್ರಿ ಕೋಲ್ 1840ರ ಒಂದು ಪೆನ್ನಿ ಅಂಚೆ ಸುಧಾರಣೆಗೆ ನೆರವಾದವರಲ್ಲಿ ಒಬ್ಬ. ಅಂಚೆ ಅಗ್ಗವಾದದ್ದೇ ತಡ, ಹಬ್ಬದ ಕಾಗದಗಳು ಮೇಜಿನ ಮೇಲೆ ರಾಶಿ ಬಿದ್ದವು. ಪ್ರತಿಯೊಂದಕ್ಕೂ ಉತ್ತರ ಬರೆಯಲು ಪುರುಸೊತ್ತಿಲ್ಲದ ಕೋಲ್ 1843ರಲ್ಲಿ ಜಾನ್ ಕ್ಯಾಲ್ಕಾಟ್ ಹಾರ್ಸ್‌ಲೆ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿ, ಸುಮಾರು ಒಂದು ಸಾವಿರ ಪ್ರತಿ ಅಚ್ಚು ಹಾಕಿಸಿದ. ಬೆಲೆ ಒಂದು ಶಿಲ್ಲಿಂಗ್. ನಡುವೆ ಕುಟುಂಬವೊಂದು ದ್ರಾಕ್ಷಾರಸದ ಬಟ್ಟಲೆತ್ತಿರುವ ದೃಶ್ಯ, ಎರಡು ಪಕ್ಕಗಳಲ್ಲಿ ಬಡವರಿಗೆ ಅನ್ನ ವಸ್ತ್ರ ನೀಡುವ ದೃಶ್ಯ. ಪಾನನಿರೋಧ ಚಳವಳಿಯವರು ಸಿಟ್ಟಾದರು. ಶುಭಾಶಯ ಪತ್ರ ಎಂಬುದು ಹುಟ್ಟಿದ್ದೇ ಶ್ರಮ ಉಳಿಸುವ ಉಪಾಯವಾಗಿ! ಆದರೂ ಆ ಸಾವಿರ ಪ್ರತಿಗಳಿಗೆ ಬಣ್ಣ ತುಂಬಿದ್ದು ಮನುಷ್ಯರ ಕೈಗಳೇ ಎಂಬುದು ಈ ಕತೆಯ ಇನ್ನೊಂದು ಮಗ್ಗುಲು.

ನಮ್ಮಲ್ಲೂ ಹಾಗೆಯೇ. ತಂತಿ ಕಚೇರಿಯಲ್ಲಿ ಶುಭಾಶಯಗಳಿಗೆ ಸಂಖ್ಯೆಗಳಿದ್ದುದು ಐವತ್ತು ದಾಟಿದವರಿಗೆ ನೆನಪಿರಬೇಕು. ದೀಪಾವಳಿಗೊಂದು ಸಂಖ್ಯೆ, ವಿವಾಹಕ್ಕೊಂದು, ಪರೀಕ್ಷೆಯಲ್ಲಿ ಪಾಸಾದದ್ದಕ್ಕೊಂದು. ಅರ್ಜಿಯಲ್ಲಿ ಸಂಖ್ಯೆ ಬರೆದರೆ ಅತ್ತ ಕಡೆ ಸಿದ್ಧವಾಕ್ಯ ಮೂಡುತ್ತಿತ್ತು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಾಗ ಎಲ್ಲರೂ ನಿಟ್ಟುಸಿರಿಟ್ಟರು. ಆ ಸಂಖ್ಯೆಗಳ ವಿಷಯ ಯಾರೂ ಎತ್ತಲಿಲ್ಲ. ಡಿಸೆಂಬರ್ ಬಂತೆಂದರೆ ಅಂಗಡಿಯಿಂದ ಡಜನ್‌ಗಟ್ಟಲೆ ಗ್ರೀಟಿಂಗ್ ಕಾರ್ಡು ತಂದು, ಲಕೋಟೆಯ ಬಾಯಿ ಅಂಟಿಸದೆ ಒಳಸೇರಿಸಿ, ಮೇಲೆ ‘ಬುಕ್ ಪೋಸ್ಟ್’ ಎಂದು ಬರೆದು ನಾಲ್ಕು ಕಾಸು ಉಳಿಸುತ್ತಿದ್ದುದೂ ನಾವೇ. ಅವುಗಳಲ್ಲಿ ಕಳಿಸಿದವರ ಕೈಬರಹವೆಂದರೆ ಒಂದು ರುಜು ಮಾತ್ರ.

ಆದ್ದರಿಂದ ಪ್ರಶ್ನೆ ಹಳತು ಹೊಸತಿನದಲ್ಲ, ಕಾಗದ ಪರದೆಗಳದೂ ಅಲ್ಲ. ಹಾರೈಕೆಯನ್ನು ಯಾರು ಮಾಡಿದರು, ಅದಕ್ಕೆ ಪ್ರತಿಯಾಗಿ ಇನ್ನೊಬ್ಬರು ಏನು ಮಾಡಬೇಕಾಯಿತು ಎಂಬುದು ಪ್ರಶ್ನೆ. ಕೊಂಡ ಕಾರ್ಡಿಗೆ ಕೊಂಡ ಕಾರ್ಡು ಉತ್ತರವಾದೀತು. ಕೈಯಲ್ಲಿ ಮಾಡಿದ ಕಾರ್ಡಿಗೆ ಹಾಗೆ ಉತ್ತರಿಸಲು ಮನಸ್ಸು ಅಳುಕುತ್ತದೆ. ಅದು ನಮ್ಮನ್ನೂ ಮೇಜಿನ ಮುಂದೆ ಕೂರಿಸುತ್ತದೆ.

ಇದರ ತಿರುಳು ಕನ್ನಡಿಗರಿಗೆ ಹೊಸದೇನಲ್ಲ. ಸಂಕ್ರಾಂತಿಯ ದಿನ ಎಳ್ಳು ಬೀರುವುದು ಮತ್ತೇನು? ಎಲ್ಲರ ಮನೆಯಲ್ಲೂ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲದ ಅದೇ ಮಿಶ್ರಣ. ನಮ್ಮ ಮನೆಯದು ಅವರ ಮನೆಗೆ, ಅವರ ಮನೆಯದು ನಮಗೆ. ಲೆಕ್ಕಶಾಸ್ತ್ರದ ಕಣ್ಣಿಗೆ ಸಂಜೆಯ ಹೊತ್ತಿಗೆ ಯಾರಿಗೂ ಏನೂ ಲಾಭವಾಗಿಲ್ಲ. ಆದರೂ ಕೊಬ್ಬರಿಯನ್ನು ಯಾರು ಎಷ್ಟು ಸಣ್ಣಗೆ ಹೆಚ್ಚಿದ್ದಾರೆ, ಯಾರ ಸಕ್ಕರೆ ಅಚ್ಚು ಬೆಳ್ಳಗಾಗಿದೆ ಎಂದು ಪ್ರತಿ ಮನೆಯಲ್ಲೂ ನೋಡುತ್ತಾರೆ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಿಯಮವೊಂದಿದ್ದರೆ ಸಾಕು, ಉಳಿದದ್ದು ತಾನಾಗಿ ನಡೆಯುತ್ತದೆ.

ಬೆಂಡೆಕಾಯಿಯ ಹೂವು, ತಿರುಗುಮುರುಗಾದ ಅಕ್ಷರ

ಬಳಗ ಕಟ್ಟಿದ ಹೊಸದರಲ್ಲಿ ನಮ್ಮ ಕಣ್ಣು ವಿದೇಶಿ ಸಲಕರಣೆಗಳ ಮೇಲಿತ್ತು. ಪಾರದರ್ಶಕ ಅಕ್ರಿಲಿಕ್ ಮೊಹರುಗಳ ಒಳ್ಳೆಯ ಕಟ್ಟೊಂದರ ಬೆಲೆ ಸುಲಭವಾಗಿ ಸಾವಿರ ರೂಪಾಯಿ ದಾಟುತ್ತದೆ. ಹಸಿ ಶಾಯಿಯ ಮೇಲೆ ಉದುರಿಸಿ ಬಿಸಿಗಾಳಿ ಹಾಯಿಸಿದರೆ ಕರಗಿ ಉಬ್ಬಿ ಹೊಳೆಯುವ ಪುಡಿ, ಕಾಗದ ಕೊರೆಯುವ ಯಂತ್ರ, ಬಗೆಬಗೆಯ ಶಾಯಿ ಎಂದು ಕೊಳ್ಳುವುದಕ್ಕೆ ಕೊನೆಯೇ ಇಲ್ಲ. ಈ ಹವ್ಯಾಸದವರ ಮನೆಗಳಲ್ಲಿ ಬಳಸಿದ್ದಕ್ಕಿಂತ ಪೊಟ್ಟಣ ಬಿಚ್ಚದ ಸಾಮಾನೇ ಹೆಚ್ಚಿರುತ್ತದೆಂಬ ಮಾತು ಅಮೆರಿಕದವರೂ ಒಪ್ಪುವಂಥದ್ದು. ಮಾಡುವ ಖುಷಿಯನ್ನು ಕೊಳ್ಳುವ ಚಪಲ ಕಬಳಿಸಿಬಿಡುವ ಅಪಾಯ ಇಲ್ಲಿ ಸದಾ ಇದೆ.

ನಮ್ಮನ್ನು ಅದರಿಂದ ಬಿಡಿಸಿದ್ದು ಕನ್ನಡ. ಸಿದ್ಧ ಮೊಹರುಗಳಲ್ಲಿ ನಮಗೆ ಸಿಕ್ಕ ಹಾರೈಕೆಯ ಸಾಲುಗಳೆಲ್ಲ ಇಂಗ್ಲಿಷಿನವು. ‘ಹಬ್ಬದ ಶುಭಾಶಯ’ ಬೇಕಿದ್ದರೆ ನಾವೇ ಕೊರೆಯಬೇಕು. ಮಕ್ಕಳ ಪೆನ್ಸಿಲ್ ಅಳಿಸುವ ರಬ್ಬರು, ಸಣ್ಣ ಕಟರ್ ಚಾಕು, ಕಚೇರಿಯ ಸಾಧಾರಣ ಸ್ಟ್ಯಾಂಪ್ ಪ್ಯಾಡು ಸಾಕಾದವು. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರಬೇಕು. ಸೀಸದಕಡ್ಡಿಯಲ್ಲಿ ಕಾಗದದ ಮೇಲೆ ಬರೆದು, ಅದನ್ನು ರಬ್ಬರಿನ ಮೇಲೆ ಕವುಚಿ ಉಜ್ಜಿದರೆ ಅಕ್ಷರ ತಾನಾಗಿ ತಿರುಗಿ ಇಳಿಯುತ್ತದೆ. ಕನ್ನಡದ ಲಿಪಿ ದುಂಡಗಿನದು. ನೇರ ಅಲಗು ಅದರ ಸುತ್ತ ಸುಲಭವಾಗಿ ಹೊರಳದು. ಚಾಕುವನ್ನು ಅಲುಗಿಸದೆ ರಬ್ಬರನ್ನೇ ಮೆಲ್ಲಗೆ ತಿರುಗಿಸುತ್ತ ಹೋಗಬೇಕು ಎಂಬುದನ್ನು ಕಲಿಯಲು ನನಗೆ ಎರಡು ಸುತ್ತು ಹಿಡಿಯಿತು. ‘ಸಂಕ್ರಾಂತಿ’ಯ ಒತ್ತಕ್ಷರ ಕೊರೆಯುವಾಗ ಉಸಿರು ಬಿಗಿಹಿಡಿಯಬೇಕಾಗುತ್ತದೆ. ಕಣ್ಣಿಗೆ ಅಷ್ಟು ಪರಿಚಿತವಾದ ಅಕ್ಷರದ ಸೊಂಡಿಲು, ಹೊಟ್ಟೆ, ಬಾಲಗಳನ್ನು ಹಾಗೆ ಬೆರಳಿನಿಂದ ತಿಳಿದದ್ದು ನನಗೆ ಅದೇ ಮೊದಲು.

ಉಳಿದದ್ದನ್ನು ಅಡುಗೆಮನೆ ಕೊಟ್ಟಿತು. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಒತ್ತಿದರೆ ಎಸಳು ಎಸಳಾದ ಹೂವು. ಪ್ರಾಥಮಿಕ ಶಾಲೆಯ ಚಿತ್ರಕಲೆ ತರಗತಿಯಲ್ಲಿ ನಾವೆಲ್ಲ ಮಾಡಿದ್ದೇ. ಆಲೂಗಡ್ಡೆಯಲ್ಲಿ ಬೇಕಾದ ಆಕಾರ ಕೊರೆಯಬಹುದು. ಆದರೆ ಕೊಯ್ದ ಮುಖದ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯದಿದ್ದರೆ ಬಣ್ಣ ನೀರಾಗುತ್ತದೆ. ಒಬ್ಬರು ಅಜ್ಜಿಯ ಕಾಲದ ಸಕ್ಕರೆ ಅಚ್ಚಿನ ಮರದ ಮುಖಕ್ಕೇ ಶಾಯಿ ಸವರಿ ಒತ್ತಿದರು. ಕಂದು ಹಿನ್ನೆಲೆಯಲ್ಲಿ ಬಿಳಿಯ ಗಿಳಿಯೊಂದು ಮೂಡಿತು. ಕಾಗದಕ್ಕೆ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳ ಕಡೆ ಹೋದರೆ ದಪ್ಪ ಹಾಳೆಯ ತುಂಡುಗಳು ಸಿಗುತ್ತವೆ. ಗಣಪತಿಯ ಚಿತ್ರವಿದೆಯೆಂದು ಎಸೆಯಲಾಗದೆ ಪ್ರತಿ ಮನೆಯಲ್ಲೂ ಬೀರುವಿನಲ್ಲಿ ಪೇರಿಸಿಟ್ಟ ಹಳೆಯ ಲಗ್ನಪತ್ರಿಕೆಗಳಿಗೂ ಹೀಗೆ ಮರುಜನ್ಮ ಬಂತು. ಎ4 ಹಾಳೆಯನ್ನು ಅರ್ಧ ಮಾಡಿ ಮಡಿಚಿದರೆ ಎರಡು ಕಾರ್ಡು. ಮಡಿಕೆ ಬೀಳುವಲ್ಲಿ ಶಾಯಿ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಗೆರೆ ಎಳೆದುಕೊಂಡರೆ ಕಾಗದ ಸಿಡಿಯುವುದಿಲ್ಲ.

ಆ ಹದಿಮೂರು ದಿನಗಳು

ಬಳಗದಲ್ಲಿ ಎದ್ದ ಪ್ರಶ್ನೆಗೆ ಈಗ ಬರುತ್ತೇನೆ. ನಿವೃತ್ತ ಶಿಕ್ಷಕಿಗೆ ಎಪ್ಪತ್ತೆಂಟು. ಪಾರ್ಕಿನ್‌ಸನ್ಸ್ ಕಾಯಿಲೆಯಿಂದ ಕೈ ನಡುಗುತ್ತದೆ. ಅವರ ಕಾರ್ಡುಗಳಲ್ಲಿ ಬೆಂಡೆಕಾಯಿಯ ಹೂವು ಒಮ್ಮೊಮ್ಮೆ ಎರಡೆರಡಾಗಿ ಬೀಳುತ್ತಿತ್ತು, ಶಾಯಿ ಒರೆಸಿದಂತಾಗುತ್ತಿತ್ತು. ಒಂದು ಸುತ್ತು ಮುಗಿದ ಮೇಲೆ ಎಂಜಿನಿಯರ್ ಹುಡುಗಿಯೊಬ್ಬಳು ಕೇಳಿದಳು: “ನಾನು ವಾರಗಟ್ಟಲೆ ಕೂತು ಪದರ ಪದರವಾಗಿ ಮಾಡಿದ ಕಾರ್ಡಿಗೆ ಪ್ರತಿಯಾಗಿ ಇದು ಬಂದರೆ ಅದು ಸರಿಯಾದ ವಿನಿಮಯವಾ?” ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅಮೆರಿಕದ ಬಳಗಗಳಲ್ಲೂ ಇದೇ ತಕರಾರು ಏಳುತ್ತದೆ. ಅದಕ್ಕೆಂದೇ ಅಲ್ಲಿ ಹೊಸಬರ ಸುತ್ತು, ನುರಿತವರ ಸುತ್ತು ಎಂದು ವಿಂಗಡಿಸುವುದುಂಟು. ನಾವೂ ಎರಡು ಗುಂಪಾಗೋಣವೆಂಬ ಸಲಹೆ ಬಂತು.

ಸುದ್ದಿ ಶಿಕ್ಷಕಿಯ ಕಿವಿಗೂ ಬಿತ್ತು. ಅವರು ನೊಂದುಕೊಂಡಂತೆ ತೋರಿಸಿಕೊಳ್ಳಲಿಲ್ಲ. “ನನ್ನ ಕಾರ್ಡು ಕಳಿಸ್ತಾ ಇರ್ತೀನಮ್ಮ. ನನಗೆ ವಾಪಸ್ಸು ಕಳಿಸೋದು ಬೇಡ. ಆಗ ಯಾರಿಗೂ ನಷ್ಟ ಇಲ್ಲವಲ್ಲ” ಎಂದರು. ಕೇಳಲು ಉದಾರವಾದ ಈ ಮಾತೇ ನಮ್ಮನ್ನು ಹೆಚ್ಚು ಕಾಡಿತು. ಅವರು ಕೊಟ್ಟು ಪಡೆಯದೇ ಉಳಿದರೆ ಅವರು ದಾನಿ. ಅವರಿಂದ ಏನನ್ನೂ ನಿರೀಕ್ಷಿಸದೆ ನಾವು ಕಳಿಸುತ್ತ ಹೋದರೆ ಅವರು ನಮ್ಮ ಕರುಣೆಯ ಪಾತ್ರ. ಎರಡರಲ್ಲೂ ಅವರು ಬಳಗದ ಸದಸ್ಯೆಯಾಗಿ ಉಳಿಯುವುದಿಲ್ಲ. ವಯಸ್ಸಾದವರನ್ನು, ಕಾಯಿಲೆಯವರನ್ನು ನಾವು ಪ್ರೀತಿಯಿಂದಲೇ ಹೊರಗಿಡುವ ಬಗೆ ಇದು. “ನೀವು ಸುಮ್ಮನೆ ಕೂತಿರಿ, ನಾವು ಮಾಡುತ್ತೇವೆ” ಎಂಬ ಮಾತನ್ನು ಎಷ್ಟು ಮನೆಗಳಲ್ಲಿ ಕೇಳುವುದಿಲ್ಲ?

ಗಂಟು ಬಿಡಿಸಿದ್ದು ಮಂಡ್ಯದ ಹಿರಿಯರು. ಅವರ ಊರಿನಲ್ಲಿ ನಾಟಿ, ಕೊಯ್ಲುಗಳಿಗೆ ‘ಮುಯ್ಯಾಳು’ ಕೂಡುತ್ತಿದ್ದರಂತೆ. ಇಂದು ನಿನ್ನ ಗದ್ದೆಯಲ್ಲಿ ನಾನು, ನಾಳೆ ನನ್ನ ಗದ್ದೆಯಲ್ಲಿ ನೀನು. ಕೂಲಿಯಿಲ್ಲ, ಆಳಿಗೆ ಆಳು, ದಿನಕ್ಕೆ ದಿನ. ಎಷ್ಟು ಸಾಲು ನೆಟ್ಟರು ಎಂದು ಯಾರೂ ಅಳೆಯುತ್ತಿರಲಿಲ್ಲ, ಬಂದರೋ ಇಲ್ಲವೋ ಎಂಬುದಷ್ಟೇ ಲೆಕ್ಕ. ಮದುವೆಮನೆಯ ಮುಯ್ಯಿಗೂ ಪುಸ್ತಕವಿರುತ್ತದೆ; ಅದರಲ್ಲಿ ಬರೆದದ್ದನ್ನು ಇನ್ನೊಂದು ಮದುವೆಯಲ್ಲಿ ತೀರಿಸಬೇಕು. ಮುಯ್ಯಿ ಎಂದರೆ ಸಾಲವೂ ಹೌದು, ಸಂಬಂಧವೂ ಹೌದು. ಅದನ್ನು ವಸ್ತುವಿನ ಬೆಲೆಯಲ್ಲಿ ಅಳೆದರೆ ಅದು ವ್ಯಾಪಾರವಾಗುತ್ತದೆ, ಅಳೆಯುವುದನ್ನೇ ಬಿಟ್ಟರೆ ದಾನವಾಗುತ್ತದೆ. ಹಾಗಾದರೆ ನಾವು ಏನನ್ನು ಅಳೆಯಬೇಕು?

ಚರ್ಚೆ ಮುಗಿದಾಗ ಒಂದೇ ಒಂದು ಹೊಸ ನಿಯಮ ಉಳಿಯಿತು. ಪ್ರತಿ ಕಾರ್ಡಿನ ಹಿಂಬದಿಯಲ್ಲಿ, ಹೆಸರಿನ ಕೆಳಗೆ, ಅದನ್ನು ಹೇಗೆ ಮಾಡಿದೆ ಎಂದು ಒಂದೆರಡು ವಾಕ್ಯ ಬರೆಯಬೇಕು. ಮುಂದಿನ ಸುತ್ತಿನಲ್ಲಿ ಶಿಕ್ಷಕಿಯ ಕಾರ್ಡಿನ ಹಿಂದೆ ಹೀಗಿತ್ತು: “ದಿನಕ್ಕೆ ಒಂದೇ ಕಾರ್ಡು. ಬೆಳಿಗ್ಗೆ ಮಾತ್ರೆ ತೆಗೆದುಕೊಂಡ ಮೇಲೆ ಒಂದು ಗಂಟೆ ಕೈ ನನ್ನ ಮಾತು ಕೇಳುತ್ತದೆ.” ಹದಿಮೂರು ಕಾರ್ಡು, ಹದಿಮೂರು ಬೆಳಗು.

ಎಂಜಿನಿಯರ್ ಹುಡುಗಿ ಇದನ್ನೋದಿ ತನ್ನ ಅಭಿಪ್ರಾಯ ಬದಲಿಸಿಕೊಂಡಳು ಎಂದು ಬರೆದರೆ ಸುಳ್ಳಾದೀತು. ಕೆಲಸ ಚೊಕ್ಕವಾಗಿರಬೇಕು, ಹೇಗೋ ಮಾಡಿದ್ದನ್ನು ಪ್ರೀತಿಯ ಹೆಸರಿನಲ್ಲಿ ದಾಟಿಸಬಾರದು ಎಂಬುದು ಅವಳ ಈಗಿನ ನಿಲುವೂ ಹೌದು. ಅದು ತಪ್ಪಲ್ಲ. ಚೊಕ್ಕತನದ ಹಂಬಲವಿಲ್ಲದಿದ್ದರೆ ಕಸುಬು ಬೆಳೆಯುವುದಿಲ್ಲ. ಆದರೆ ಅವಳು ಇನ್ನೊಂದು ಕೆಲಸ ಮಾಡಿದಳು. ಮೊಹರನ್ನು ಮುಚ್ಚಳಕ್ಕೆ ಅಂಟಿಸಿ, ಮುಚ್ಚಿದಾಗಲೆಲ್ಲ ಅದು ಒಂದೇ ಜಾಗದಲ್ಲಿ ಬೀಳುವಂತೆ ಮಾಡುವ ಸಲಕರಣೆಯೊಂದು ಹೊರದೇಶಗಳಲ್ಲಿ ಸಿಗುತ್ತದೆ. ಅವಳು ಹಳೆಯ ಸಿ.ಡಿ. ಡಬ್ಬಿಯ ಕೀಲಿನ ಮುಚ್ಚಳ ಮತ್ತು ರಟ್ಟಿನ ಮೂಲೆಪಟ್ಟಿ ಬಳಸಿ ಅದನ್ನೇ ಮಾಡಿ ಶಿಕ್ಷಕಿಯ ಮನೆಗೆ ಒಯ್ದು ಕೊಟ್ಟಳು. ಈಗ ಅವರ ಅಕ್ಷರಗಳು ನೇರವಾಗಿ ಬೀಳುತ್ತವೆ. ಹೂವನ್ನು ಮಾತ್ರ ಅವರು ಆ ಡಬ್ಬಿಗೆ ಒಪ್ಪಿಸಿಲ್ಲ. “ಅಕ್ಷರ ತಪ್ಪಬಾರದು ಕಣಮ್ಮ, ಹೂವು ಹೇಗೆ ಬಿದ್ದರೂ ಹೂವೇ” ಎನ್ನುತ್ತಾರೆ. ಮೂವತ್ತು ವರ್ಷ ಕಾಗುಣಿತ ತಿದ್ದಿದವರ ಮಾತು.

ಮಾರಾಟದ ಪ್ರಸ್ತಾಪವೂ ಒಮ್ಮೆ ಬಂದಿತ್ತು. ಇಷ್ಟು ಚೆನ್ನಾಗಿರುವುದನ್ನು ದೀಪಾವಳಿ ಸಂತೆಯಲ್ಲಿ ಮಾರಿದರೇನು ಎಂದು. ಮಾರುವವರ ಬಗ್ಗೆ ನನಗೆ ಗೌರವವಿದೆ. ಎಷ್ಟೋ ಹೆಂಗಸರಿಗೆ ಅದು ಜೀವನಾಧಾರ. ಆದರೆ ಮಾರುವ ವಸ್ತು ಕೊಳ್ಳುವವನ ಇಷ್ಟಕ್ಕೆ ಬಾಗುತ್ತದೆ, ವಿನಿಮಯದ ವಸ್ತು ಬಾಗಬೇಕಾಗಿಲ್ಲ. 1997ರಲ್ಲಿ ಜ್ಯೂರಿಕ್‌ನಲ್ಲಿ ವಾನ್ಚಿ ಸ್ಟಿರ್ನೆಮನ್ ಎಂಬ ಕಲಾವಿದ ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದದ 1,200 ಪುಟ್ಟ ಕಾರ್ಡುಗಳನ್ನು ತಾನೇ ಮಾಡಿ ಪ್ರದರ್ಶನಕ್ಕಿಟ್ಟ. ಬೇಕಾದವರು ಅದೇ ಅಳತೆಯ ತಮ್ಮ ಕಾರ್ಡು ಮಾಡಿ ತಂದು ಬದಲಾಯಿಸಿಕೊಳ್ಳಬೇಕು; ದುಡ್ಡಿಗೆ ಸಿಗದು. ನೋಡಲು ಬಂದವರೆಲ್ಲ ಹೀಗೆ ಮಾಡುವವರಾದರು. ಇಂದು ಹಲವು ದೇಶಗಳಲ್ಲಿ ಹಬ್ಬಿರುವ ಆ ಪದ್ಧತಿಯ ಮೂಲ ನಿಯಮ ಈಗಲೂ ಅದೇ.

ಇದೆಲ್ಲ ಕೆಲಸವಿಲ್ಲದವರ ಕೆಲಸ ಎನ್ನುವವರಿದ್ದಾರೆ. ಕಾಗದ ಕತ್ತರಿಸುತ್ತ ಕೂರಲು ಹೊತ್ತೆಲ್ಲಿಂದ ಬರುತ್ತದೆ ಎಂದು ಕೇಳುತ್ತಾರೆ. ಕ್ರಿಕೆಟ್ ಪಂದ್ಯಕ್ಕೆ ಇಡೀ ದಿನ ಕೊಡುವವರನ್ನು ಯಾರೂ ಹಾಗೆ ಕೇಳುವುದಿಲ್ಲ. ಹೆಂಗಸರ ಕೈಕೆಲಸ ಮಾತ್ರ ಸದಾ ಸಮಜಾಯಿಷಿ ಕೊಡುತ್ತಿರಬೇಕು: ಅದರಿಂದ ದುಡ್ಡು ಬರಬೇಕು, ಇಲ್ಲವೇ ಮನೆಗೆ ಉಪಯೋಗವಾಗಬೇಕು. ರಂಗೋಲಿ, ಕಸೂತಿ, ಹಸೆಗಳ ಪರಂಪರೆಯಲ್ಲಿ ಬಂದವರಿಗೆ ಈ ಪ್ರಶ್ನೆ ಹೊಸದಲ್ಲ. ಮಧ್ಯಾಹ್ನಕ್ಕೆ ಅಳಿಸಿಹೋಗುವ ರಂಗೋಲಿಗೆ ಬೆಳಗಿನ ಜಾವ ಕೊಟ್ಟವರು ನಮ್ಮ ತಾಯಂದಿರು.

ಅಂಚೆ ಉಳಿದರೆ

ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡುವುದು ಬೇರೆ ಸಂಗತಿ. ಈ ವಿನಿಮಯ ನಿಂತಿರುವುದು ಅಂಚೆಯ ಮೇಲೆ, ಮತ್ತು ಅಂಚೆ ನಿಂತಿರುವುದು ಕಾಗದ ಬರೆಯುವವರ ಮೇಲೆ. ಜಪಾನಿನಲ್ಲಿ ಹೊಸವರ್ಷದ ‘ನೆಂಗಾಜೊ’ ಕಾರ್ಡುಗಳನ್ನು ಆಲೂಗಡ್ಡೆಯಲ್ಲೋ ರಬ್ಬರಿನಲ್ಲೋ ಕೊರೆದ ಮೊಹರು ಒತ್ತಿ ಮನೆಯಲ್ಲೇ ಅಲಂಕರಿಸುವ ರೂಢಿ ಹಳೆಯದು. ಅಂಚೆಯವರು ಅವನ್ನೆಲ್ಲ ಕೂಡಿಟ್ಟುಕೊಂಡು ಜನವರಿ ಒಂದರ ಬೆಳಿಗ್ಗೆ ಮನೆಮನೆಗೆ ಮುಟ್ಟಿಸುತ್ತಾರೆ. ಸಾವಾದ ಮನೆಯವರು ‘ಈ ವರ್ಷ ನಮ್ಮಿಂದ ಶುಭಾಶಯವಿಲ್ಲ’ ಎಂದು ಮೊದಲೇ ತಿಳಿಸುವ ಪದ್ಧತಿ ನಮ್ಮ ಹಬ್ಬ ಬಿಡುವ ಪದ್ಧತಿಯನ್ನು ನೆನಪಿಸುತ್ತದೆ. 2004ರ ಹೊಸವರ್ಷಕ್ಕೆ ಅಂಥ ಸುಮಾರು 445 ಕೋಟಿ ಕಾರ್ಡುಗಳನ್ನು ಅಲ್ಲಿನ ಅಂಚೆ ಹೊರತಂದಿತ್ತು. 2025ರ ಹೊಸವರ್ಷಕ್ಕೆ ಮೊದಲ ಮುದ್ರಣ ಸುಮಾರು 107 ಕೋಟಿಗೆ ಇಳಿದಿತ್ತು. 2024ರ ಅಕ್ಟೋಬರಿನಲ್ಲಿ ಕಾರ್ಡಿನ ಅಂಚೆದರ 63 ಯೆನ್‌ನಿಂದ 85 ಯೆನ್‌ಗೆ ಏರಿತು. ‘ಇದೇ ನನ್ನ ಕೊನೆಯ ಕಾರ್ಡು’ ಎಂದು ಬರೆದು ವಿದಾಯ ಹೇಳುವುದಕ್ಕೇ ಅಲ್ಲಿ ಈಗ ಪ್ರತ್ಯೇಕ ಹೆಸರಿದೆ. ಡೆನ್ಮಾರ್ಕಿನಲ್ಲಂತೂ 1624ರಲ್ಲಿ ಹುಟ್ಟಿದ ಸರ್ಕಾರಿ ಅಂಚೆ 2025ರ ಕೊನೆಗೆ ಕಾಗದ ಹಂಚುವುದನ್ನೇ ಬಿಟ್ಟಿತು. ಬೀದಿಯ 1,500 ಕೆಂಪು ಪೆಟ್ಟಿಗೆಗಳನ್ನು ಕಿತ್ತರು. ಅದೇ ವರ್ಷ ಅಮೆರಿಕದ ಸುಂಕ ನಿಯಮಗಳು ಬದಲಾದಾಗ ಭಾರತದಿಂದ ಅಲ್ಲಿಗೆ ಹೋಗುವ ಅಂಚೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ನಿಂತಿತ್ತು. ಅಂಚೆ ಎಂಬುದು ಗಾಳಿ ನೀರಿನಂತೆ ತಾನಾಗಿ ಇರುವುದಲ್ಲ.

ನಮ್ಮಲ್ಲಿ ಇನ್ನೂ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಬಹುಪಾಲು ಹಳ್ಳಿಗಳಲ್ಲಿ. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂದಂದಿನಿಂದ ಈ ಜಾಲ ಬಡವರ ಮಾತನ್ನೂ ಹೊತ್ತಿದೆ. ಇದನ್ನು ಶಾಲೆಗಳು ಬಳಸಿಕೊಳ್ಳಬಾರದೇಕೆ? ಬೆಂಗಳೂರಿನ ಒಂದು ಶಾಲೆಯ ಆರನೇ ತರಗತಿ, ರಾಯಚೂರಿನದೋ ಶಿರಸಿಯದೋ ಒಂದು ಶಾಲೆಯ ಆರನೇ ತರಗತಿ. ಇಲ್ಲಿಂದ ಮೂವತ್ತು ಕಾರ್ಡು, ಅಲ್ಲಿಂದ ಮೂವತ್ತು. ಬೇಕಾದದ್ದು ಬೆಂಡೆಕಾಯಿ, ಬಣ್ಣ, ಕಾಗದ, ಎರಡು ದೊಡ್ಡ ಲಕೋಟೆ. ಬಹುಮಾನ, ಅಂಕ, ಪ್ರಮಾಣಪತ್ರಗಳನ್ನು ಮಾತ್ರ ದೂರವಿಡಬೇಕು. ಸ್ಪರ್ಧೆಯಾದ ಕೂಡಲೇ ಕಾರ್ಡನ್ನು ಅಪ್ಪ ಅಮ್ಮ ಮಾಡುತ್ತಾರೆ. ರಾಯಚೂರಿನ ಮಗುವಿನ ಹೆಸರನ್ನು ಲಕೋಟೆಯ ಮೇಲೆ ತಪ್ಪಿಲ್ಲದೆ ಬರೆಯಲು ಕಲಿತ ಬೆಂಗಳೂರಿನ ಮಗುವಿಗೆ ಆ ಊರು ನಕಾಶೆಯ ಚುಕ್ಕೆಯಾಗಿ ಉಳಿಯುವುದಿಲ್ಲ.

ದೊಡ್ಡವರಿಗಂತೂ ಯಾರ ಅಪ್ಪಣೆಯೂ ಬೇಡ. ಆರು ಜನ ಸಿಕ್ಕರೆ ಒಂದು ಬಳಗ. ತಲಾ ಐದು ಕಾರ್ಡು, ಸ್ವವಿಳಾಸದ ಒಂದು ಲಕೋಟೆ, ಎಲ್ಲರೂ ಒಪ್ಪಿದ ಒಂದು ಕೊನೆಯ ದಿನಾಂಕ. ಉಬ್ಬಿದ ಅಲಂಕಾರವನ್ನು ಲಕೋಟೆಯ ಬಲಮೂಲೆಗೆ ತಾಗದಂತೆ ಇಡಿ, ಅಂಚೆಯ ಮುದ್ರೆ ಬೀಳುವುದು ಅಲ್ಲೇ. ಹಿಂಬದಿಯಲ್ಲಿ ಹೆಸರು ಬರೆಯಿರಿ. ಅದರ ಕೆಳಗೆ, ಹೇಗೆ ಮಾಡಿದಿರಿ ಎಂದು ಒಂದೆರಡು ವಾಕ್ಯ.